ದಿವಾಳಿ ಕಾನೂನು: ದಾವಣಗೆರೆಯಲ್ಲಿ ಕೂತೇ ಓದು ಮುಂದುವರಿಸುವುದು ಹೇಗೆ

ನಮ್ಮ ಆಫೀಸಿಗೆ ಖಾಲಿ ಚೀಲದ ವ್ಯಾಪಾರಿಯೊಬ್ಬರು ಬರುತ್ತಾರೆ. ಮಂಡಿಪೇಟೆ ಕಡೆ ಅವರ ಗೋದಾಮು. ಮೆಕ್ಕೆಜೋಳದ ಸುಗ್ಗಿ ಶುರುವಾದರೆ ಅವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಕೆಲವು ವರ್ಷಗಳ ಹಿಂದೆ ಬೇರೆ ಜಿಲ್ಲೆಯ ಒಂದು ಕಂಪನಿಯಿಂದ ಅವರಿಗೆ 11 ಲಕ್ಷ ಬರಬೇಕಿತ್ತು. ನಾನು ನೋಟಿಸ್ ಕೊಟ್ಟೆ, ಚೆಕ್ ಬೌನ್ಸ್ ಕೇಸ್ ಹಾಕಿದೆ, ವಾಯಿದೆ ಮೇಲೆ ವಾಯಿದೆ ನಡೆಯುತ್ತಾ ಹೋಯಿತು. ಒಂದು ದಿನ ಎದುರುದಾರರ ವಕೀಲರು ಒಂದು ಆರ್ಡರ್ ಕಾಪಿ ತಂದು ಕೋರ್ಟಿಗೆ ಹಾಜರುಪಡಿಸಿದರು. ಆ ಕಂಪನಿ ದಿವಾಳಿ ಕೇಸು ನಡೆಸುವ ಕಂಪನಿ ನ್ಯಾಯಮಂಡಳಿ ಎನ್‌ಸಿಎಲ್‌ಟಿಯ ಮೆಟ್ಟಿಲು ಹತ್ತಿ, ಯಾರ ಬಾಕಿ ಎಷ್ಟು ತೀರಿಸಬೇಕು ಅನ್ನುವ ಪರಿಹಾರ ಯೋಜನೆ ಮಂಜೂರಾಗಿ, ಎಂಟು ತಿಂಗಳಾಗಿತ್ತು. ನಮ್ಮ ಕಡೆಯಿಂದ ಬಾಕಿ ಕೇಳುವ ಕ್ಲೇಮ್ ಹೋಗಿರಲೇ ಇಲ್ಲ.

"ಪೇಪರ್‌ನಾಗೆ ಬಂದಿತ್ತಂತೆ, ನೀವು ನೋಡ್ಲಿಲ್ವಾ ಮೇಡಂ?" ಅಂದರು ಅವರು. ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಆ ಹೊತ್ತಿಗೆ ಹದಿನಾರು ವರ್ಷ ಪ್ರಾಕ್ಟೀಸ್ ಮಾಡಿದ್ದೆ. ಸಿವಿಲ್ ಬರುತ್ತಿತ್ತು, ಅಮಲ್ಜಾರಿ ಬರುತ್ತಿತ್ತು. ಈ ಕಾನೂನು ಬೆಂಗಳೂರಿನವರದ್ದು, ನಮಗೆ ಬೇಡ ಅಂತ ಬಿಟ್ಟಿದ್ದೆ.

ಆಮೇಲೆ ಓದಲು ಕೂತೆ. ಈಗ ತಿಂಗಳಿಗೊಂದು ಎರಡನೇ ಶನಿವಾರ ನಮ್ಮ ಆಫೀಸಿನಲ್ಲಿ ಆರೇಳು ಜನ ವಕೀಲರು ಸೇರಿ ಓದುತ್ತೇವೆ. ಚಿತ್ರದುರ್ಗದಿಂದ ಇಬ್ಬರು ಬರುತ್ತಾರೆ, ಚಳ್ಳಕೆರೆಯಿಂದ ಒಬ್ಬರು. ನಾವು ಹೇಗೆ ಓದುತ್ತೇವೆ, ಒಬ್ಬರೇ ಇದ್ದರೆ ಹೇಗೆ ಓದಬಹುದು ಅನ್ನುವುದನ್ನು ಜಿಲ್ಲಾ ಕೋರ್ಟುಗಳಲ್ಲಿ ಕೆಲಸ ಮಾಡುವ ಗೆಳೆಯರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕಿ

"ಒಂದು ಕೋಟಿ ಇಲ್ಲದಿದ್ದರೆ ಐಬಿಸಿ ನಮಗೆ ಸಂಬಂಧವಿಲ್ಲ" ಅಂತ ಬಾರ್ ರೂಮಿನಲ್ಲಿ ಎಷ್ಟು ಸಲ ಕೇಳಿದ್ದೇನೋ. ಐಬಿಸಿ ಅಂದರೆ 2016ರ ದಿವಾಳಿ ಸಂಹಿತೆ. ಆ ಮಾತು ಅರ್ಧ ಮಾತ್ರ ನಿಜ. 2020ರ ಮಾರ್ಚ್ 24ರಂದು ಮಿತಿಯನ್ನು ಒಂದು ಲಕ್ಷದಿಂದ ಒಂದು ಕೋಟಿಗೆ ಏರಿಸಿದ್ದು ಹೌದು. ಆದರೆ ಅದು ಅರ್ಜಿ ಹಾಕಿ ಪ್ರಕ್ರಿಯೆ ಶುರು ಮಾಡುವವರಿಗೆ. ಬೇರೆ ಯಾರೋ ಶುರು ಮಾಡಿದ ಪ್ರಕ್ರಿಯೆಯಲ್ಲಿ ನಮ್ಮ ಬಾಕಿ ಕೇಳಲು ಯಾವ ಕನಿಷ್ಠ ಮೊತ್ತವೂ ಇಲ್ಲ. ನಲವತ್ತು ಸಾವಿರ ಬರಬೇಕಾದ ಲಾರಿ ಮಾಲೀಕರೂ ಕ್ಲೇಮ್ ಹಾಕಬಹುದು. ನಮ್ಮ ಊರಿನ ವಕೀಲರಿಗೆ ಈ ಕಾನೂನಿನಲ್ಲಿ ಸಿಗುವ ಕೆಲಸದಲ್ಲಿ ಜಾಸ್ತಿ ಪಾಲು ಇದೇ. ಅರ್ಜಿ ಹಾಕುವುದಲ್ಲ, ತಪ್ಪಿಹೋಗದಂತೆ ಕ್ಲೇಮ್ ಹಾಕುವುದು.

ತಪ್ಪಿಹೋದರೆ ಏನಾಗುತ್ತದೆ ಅಂತ 2021ರ ಏಪ್ರಿಲ್ 13ರ ಘನಶ್ಯಾಮ್ ಮಿಶ್ರಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯೋಜನೆ ಮಂಜೂರಾದ ಮೇಲೆ, ಅದರಲ್ಲಿ ಇಲ್ಲದ ಬಾಕಿ ಮುಗಿದಂತೆಯೇ. ಸರ್ಕಾರದ ತೆರಿಗೆ ಬಾಕಿಗೂ ಅದೇ ಮಾತು. ಚೀಲದ ವ್ಯಾಪಾರಿಯ 11 ಲಕ್ಷ ಕಂಪನಿಯ ಮೇಲೆ ಹೋಗಿದ್ದು ಹೀಗೆ. ಚೆಕ್ ಬೌನ್ಸ್ ಕೇಸಿನಲ್ಲಿ ಸಹಿ ಹಾಕಿದ ಡೈರೆಕ್ಟರನ್ನೂ ಪಾರ್ಟಿ ಮಾಡಿದ್ದರಿಂದ ಅಷ್ಟಾದರೂ ಉಳಿಯಿತು.

ಪೇಪರ್ ಓದುವುದೇ ಮೊದಲ ಪಾಠ

ಕಂಪನಿಯ ಮೇಲಿನ ಅರ್ಜಿ ಎನ್‌ಸಿಎಲ್‌ಟಿ ಸ್ವೀಕರಿಸಿದ ದಿನ, ಕಂಪನಿಯ ಆಡಳಿತ ವಹಿಸಿಕೊಳ್ಳುವ ಮಧ್ಯಂತರ ಪರಿಹಾರ ವೃತ್ತಿಪರರನ್ನು ನೇಮಿಸುತ್ತದೆ. ಅವರು ಮೂರು ದಿನದೊಳಗೆ ಫಾರ್ಮ್ ಎ ಅನ್ನುವ ಸಾರ್ವಜನಿಕ ಪ್ರಕಟಣೆ ಕೊಡಬೇಕು. ಒಂದು ಇಂಗ್ಲಿಷ್ ಪತ್ರಿಕೆ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆ, ಕಂಪನಿಯ ರಿಜಿಸ್ಟರ್ಡ್ ಆಫೀಸು ಇರುವ ಜಾಗದಲ್ಲಿ ಓದುವಂಥವು. ಒಳಪುಟದ ಮೂಲೆಯಲ್ಲಿ, ಬ್ಯಾಂಕಿನ ಹರಾಜು ನೋಟಿಸಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಒಂದು ಕೋಷ್ಟಕ ಇರುತ್ತದೆ. ಅದರಲ್ಲಿ ಕಂಪನಿಯ ಹೆಸರು, ಪ್ರಕ್ರಿಯೆ ಶುರುವಾದ ದಿನ, ವೃತ್ತಿಪರರ ಹೆಸರು ಮತ್ತು ಇಮೇಲ್, ಕ್ಲೇಮ್ ಹಾಕಲು ಕೊನೆಯ ದಿನ. ಕೊನೆಯ ದಿನವನ್ನು ನೇಮಕವಾಗಿ ಹದಿನಾಲ್ಕು ದಿನಕ್ಕೆ ಇಟ್ಟಿರುತ್ತಾರೆ.

ಹದಿನಾಲ್ಕು ದಿನ ದಾಟಿದರೆ ಕೈ ಚೆಲ್ಲಬೇಡಿ. ಪ್ರಕ್ರಿಯೆ ಶುರುವಾಗಿ 90 ದಿನದವರೆಗೆ, ಅಥವಾ ಪರಿಹಾರ ಯೋಜನೆಗೆ ಆಹ್ವಾನ ಕೊಡುವ ದಿನದವರೆಗೆ, ಯಾವುದು ತಡವೋ ಅಲ್ಲಿಯತನಕ ಹಾಕಬಹುದು. 2023ರ ಸೆಪ್ಟೆಂಬರಿನ ತಿದ್ದುಪಡಿ ಇದು. ಮಾಲು ಕೊಟ್ಟವರಿಗೆ, ಸೇವೆ ಕೊಟ್ಟವರಿಗೆ ಫಾರ್ಮ್ ಬಿ. ಸಾಲ ಕೊಟ್ಟವರಿಗೆ ಫಾರ್ಮ್ ಸಿ. ಕಾರ್ಮಿಕರಿಗೆ ಫಾರ್ಮ್ ಡಿ. ಈ ಮೂರನ್ನೂ ಒಂದೊಂದು ಸಲ ಕೈಯಾರೆ ತುಂಬಿ ನೋಡಿ. ಸುಮ್ನೆ ಓದಿದರೆ ತಲೆಗೆ ಹತ್ತುವುದಿಲ್ಲ. ತುಂಬುವಾಗಲೇ ಗೊತ್ತಾಗುತ್ತದೆ, ಯಾವ ಬಿಲ್ಲು ಇಲ್ಲ, ಯಾವ ಲೆಡ್ಜರ್ ಪುಟ ಬೇಕು, ಬಡ್ಡಿಯನ್ನು ಯಾವ ದಿನದತನಕ ಹಾಕಬೇಕು ಅಂತ.

ನಾನು ಮಾಡುವುದು ಇಷ್ಟು. ಪ್ರತಿ ಸೋಮವಾರ ಬೆಳಿಗ್ಗೆ ಕೋರ್ಟಿಗೆ ಹೊರಡುವ ಮುಂಚೆ ಹದಿನೈದು ನಿಮಿಷ ದಿವಾಳಿ ಮಂಡಳಿ ಐಬಿಬಿಐನ ವೆಬ್‌ಸೈಟಿನಲ್ಲಿ ಸಾರ್ವಜನಿಕ ಪ್ರಕಟಣೆಗಳ ಪುಟ ನೋಡುತ್ತೇನೆ. ನಮ್ಮ ಕಕ್ಷಿದಾರರಿಗೆ ಬಾಕಿ ಉಳಿಸಿಕೊಂಡಿರುವ ಕಂಪನಿಗಳ ಹೆಸರು ಒಂದು ರಟ್ಟಿನ ಹಾಳೆಯಲ್ಲಿ ಬರೆದು ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಒಂದೊಂದೇ ಹೆಸರು ಹುಡುಕುತ್ತೇನೆ. ಹೊಸ ಕೇಸ್ ಬಂದ ದಿನ ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲಿನಲ್ಲಿ ಆ ಕಂಪನಿಯ ಸ್ಥಿತಿ ನೋಡದೆ ನೋಟಿಸ್ ಬರೆಯುವುದಿಲ್ಲ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಯಾವ ಬಾಗಿಲು ತಟ್ಟಬೇಕು ಅನ್ನುವುದು

ನಮ್ಮ ಕಡೆ ಯಾರಾದರೂ ಸಾಲ ತೀರಿಸಲಾರದೆ ಹೋದರೆ "ಪಾಪರ್ ಆದ", "ಕೈ ಎತ್ತಿದ" ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ಕಾನೂನಿನಲ್ಲಿ ಅದಕ್ಕೆ ಬೇರೆ ಬೇರೆ ದಾರಿ. ಜೂನಿಯರ್‌ಗಳು ಎಡವುವುದು ಇಲ್ಲೇ.

ಕಂಪನಿ ಅಥವಾ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆದರೆ 2016ರ ಐಬಿಸಿ, ಕರ್ನಾಟಕಕ್ಕೆಲ್ಲ ಬೆಂಗಳೂರಿನ ಎನ್‌ಸಿಎಲ್‌ಟಿ. ಮೇಲ್ಮನವಿ ಚೆನ್ನೈನ ಎನ್‌ಸಿಎಲ್‌ಎಟಿ ಪೀಠಕ್ಕೆ. ಒಬ್ಬರೇ ನಡೆಸುವ ಅಂಗಡಿ, ಪಾಲುದಾರಿಕೆ ಸಂಸ್ಥೆ, ಮನೆ ಸಾಲ ಮಾಡಿ ಸೋತ ಮೇಷ್ಟ್ರು, ಇವರಿಗೆಲ್ಲ ಐಬಿಸಿಯ ಮೂರನೇ ಭಾಗ ಬರೆದಿಟ್ಟಿದ್ದಾರೆ, ಆದರೆ ಅವರ ಮಟ್ಟಿಗೆ ಜಾರಿ ಮಾಡಿಲ್ಲ. ಅವರು ಈಗಲೂ ಬರಬೇಕಾದದ್ದು 1920ರ ಪ್ರಾಂತೀಯ ದಿವಾಳಿ ಕಾಯ್ದೆಗೆ, ನಮ್ಮದೇ ಜಿಲ್ಲಾ ಕೋರ್ಟಿಗೆ. ಆ ಕಾಯ್ದೆಯಲ್ಲಿ ಅರ್ಜಿ ಹಾಕಲು ಬೇಕಾದ ಕನಿಷ್ಠ ಸಾಲ ಐನೂರು ರೂಪಾಯಿ. ನೂರು ವರ್ಷ ದಾಟಿದ ಕಾಯ್ದೆ ಅಂತ ಬದಿಗಿಡಬೇಡಿ. ದಿವಾಳಿ ಅರ್ಜಿ ಹಾಕುವ ಮುಂಚಿನ ಎರಡು ವರ್ಷದೊಳಗೆ ಸುಮ್ಮನೆ ಹೆಂಡತಿ ಹೆಸರಿಗೋ ಭಾಮೈದನ ಹೆಸರಿಗೋ ಬರೆದುಕೊಟ್ಟ ಆಸ್ತಿ ಏನಾಗುತ್ತದೆ ಅನ್ನುವುದು 53ನೇ ಸೆಕ್ಷನ್ನಿನಲ್ಲಿದೆ. ಸಾಲ ಕೊಟ್ಟವರಲ್ಲಿ ಒಬ್ಬರಿಗೆ ಮಾತ್ರ ಗುಟ್ಟಾಗಿ ತೀರಿಸಿದ್ದರೆ ಏನು ಅನ್ನುವುದು 54ರಲ್ಲಿ. ಮಂಡಿಯಲ್ಲಿ ವ್ಯಾಪಾರ ಮುಳುಗಿದಾಗ ದಿನಾ ನಡೆಯುವ ವಿಷಯ ಇದು.

ಇವೆರಡರ ಮಧ್ಯೆ ನಿಂತಿರುವವರು ಜಾಮೀನುದಾರರು. ಮಗ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡುತ್ತಾನೆ, ಬ್ಯಾಂಕ್ ಸಾಲಕ್ಕೆ ಅಪ್ಪ ಸಹಿ ಹಾಕುತ್ತಾರೆ. ಅಪ್ಪ ವ್ಯಕ್ತಿ, ಆದರೂ 2019ರ ಡಿಸೆಂಬರ್ 1ರಿಂದ ಅವರ ಮೇಲೆ ಐಬಿಸಿಯ 95ನೇ ಸೆಕ್ಷನ್ನಿನಲ್ಲಿ ಅರ್ಜಿ ಹಾಕಬಹುದು, ಅದೂ ಎನ್‌ಸಿಎಲ್‌ಟಿಯಲ್ಲಿ. ಇದನ್ನು ಸುಪ್ರೀಂ ಕೋರ್ಟ್ 2021ರ ಲಲಿತ್ ಕುಮಾರ್ ಜೈನ್ ತೀರ್ಪಿನಲ್ಲಿ ಎತ್ತಿಹಿಡಿಯಿತು, 2023ರ ನವೆಂಬರ್ 9ರ ದಿಲೀಪ್ ಜೀವರಾಜ್ಕಾ ತೀರ್ಪಿನಲ್ಲಿ ಮತ್ತೊಮ್ಮೆ. ಅದೇ ಅಪ್ಪ ಮಗನ ಕಿರಾಣಿ ಅಂಗಡಿಯ ಸಾಲಕ್ಕೆ ಜಾಮೀನು ನಿಂತಿದ್ದರೆ ಈ ದಾರಿ ಇಲ್ಲ. ಇದರ ಜೊತೆಗೆ 20 ಲಕ್ಷ ದಾಟಿದ ಬ್ಯಾಂಕ್ ಸಾಲಕ್ಕೆ ಸಾಲ ವಸೂಲಾತಿ ನ್ಯಾಯಮಂಡಳಿ ಡಿಆರ್‌ಟಿ ಇದೆ, ಬ್ಯಾಂಕು ಒತ್ತೆ ಆಸ್ತಿ ವಶಪಡಿಸಿಕೊಳ್ಳುವ ಸರ್ಫೇಸಿ ಕ್ರಮವನ್ನು ಪ್ರಶ್ನಿಸಲು 45 ದಿನ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಚಿತ್ರದ ಹಾಗೆ ಬರೆಯಿರಿ. ಬಂದ ಕಕ್ಷಿದಾರರಿಗೆ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಬಾಕಿ" ಅಲ್ಲ, "ಬಾಕಿ ಇಟ್ಟವರು ಯಾರು, ಬಿಲ್ಲಿನಲ್ಲಿ ಹೆಸರು ಹೇಗಿದೆ" ಅಂತ.

ಒಂದು ಹಾಳೆ, ಮೂರು ಕಾಲಂ

ನಮ್ಮ ಶನಿವಾರದ ಓದಿನಲ್ಲಿ ಭಾಷಣ ಇಲ್ಲ. ಒಬ್ಬರು ಒಂದು ಆರ್ಡರ್ ತರುತ್ತಾರೆ. ಎನ್‌ಸಿಎಲ್‌ಟಿ ವೆಬ್‌ಸೈಟಿನಿಂದ ಇಳಿಸಿಕೊಂಡಿದ್ದು, ಹತ್ತು ಹದಿನೈದು ಪುಟದ್ದು ಸಾಕು. ಎಲ್ಲರಿಗೂ ಒಂದೊಂದು ಜೆರಾಕ್ಸ್. ಒಂದು ಫುಲ್‌ಸ್ಕೇಪ್ ಹಾಳೆ ತಗೊಂಡು ಉದ್ದಕ್ಕೆ ಎರಡು ಗೆರೆ ಎಳೆಯುತ್ತೇವೆ. ಮೊದಲ ಕಾಲಂನಲ್ಲಿ ತಾರೀಕು, ಎರಡನೆಯದರಲ್ಲಿ ಏನಾಯಿತು, ಮೂರನೆಯದರಲ್ಲಿ ಆ ದಿನದಿಂದ ಎಷ್ಟು ದಿನ ಸಿಗುತ್ತದೆ. ಆರ್ಡರಿನಲ್ಲಿರುವ ಪ್ರತಿ ತಾರೀಕೂ ಆ ಹಾಳೆಗೆ ಬರಬೇಕು. ವಾದ, ತೀರ್ಮಾನ ಎಲ್ಲ ಆಮೇಲೆ.

ಯಾಕೆ ತಾರೀಕು? ಯಾಕೆಂದರೆ ಈ ಕಾನೂನಿನಲ್ಲಿ ಮುಕ್ಕಾಲು ಪಾಲು ಸೋಲು ತಾರೀಕಿನಲ್ಲೇ ಆಗುವುದನ್ನು ಕಂಡಿದ್ದೇನೆ. ನನ್ನದೂ ಸೇರಿ.

ಒಂದು ಲೆಕ್ಕ ಹೇಳುತ್ತೇನೆ, ನೀವೂ ಮಾಡಿ ನೋಡಿ. ಚಳ್ಳಕೆರೆಯ ಎಣ್ಣೆ ಮಿಲ್ಲಿನವರು ಒಂದು ಕಂಪನಿಗೆ ಎಣ್ಣೆ ಕೊಟ್ಟಿದ್ದಾರೆ ಅನ್ನಿ. ಎರಡು ಬಿಲ್ಲು, ಎರಡೂ ಒಂದು ಕೋಟಿ ಮೇಲೆ. ಒಂದರ ದುಡ್ಡು 2021ರ ಮಾರ್ಚ್ 10ಕ್ಕೆ ಬರಬೇಕಿತ್ತು, ಇನ್ನೊಂದರದ್ದು ಏಪ್ರಿಲ್ 10ಕ್ಕೆ. ಎರಡೂ ಬರಲಿಲ್ಲ. ಮಾಲು ಕೊಟ್ಟವರಿಗಿರುವ ಐಬಿಸಿಯ 9ನೇ ಸೆಕ್ಷನ್ನಿನಲ್ಲಿ ಅರ್ಜಿ ಹಾಕಲು ಕೊನೆಯ ದಿನ ಯಾವುದು?

ಮೊದಲ ಸಲ ಕೇಳಿದಾಗ ನಮ್ಮಲ್ಲಿ ಐದು ಜನ ಮೂರು ವರ್ಷ ಕೂಡಿ, 2024ರ ಮಾರ್ಚ್, ಏಪ್ರಿಲ್ ಅಂದರು. ಎರಡೂ ತಪ್ಪು. ಕೋವಿಡ್ ಸಮಯದಲ್ಲಿ 10ಎ ಸೆಕ್ಷನ್ ಸೇರಿಸಿದರು. 2020ರ ಮಾರ್ಚ್ 25ರಿಂದ 2021ರ ಮಾರ್ಚ್ 24ರವರೆಗೆ ಬಾಕಿ ಬಿದ್ದ ಹಣಕ್ಕೆ ಕಂಪನಿಯ ಮೇಲೆ ಈ ಅರ್ಜಿ ಯಾವತ್ತೂ ಹಾಕುವಂತಿಲ್ಲ. ಮಾರ್ಚ್ 10ರ ಬಾಕಿ ಅಲ್ಲಿಗೇ ನಿಂತಿತು. ಅದಕ್ಕೆ ಸಿವಿಲ್ ದಾವೆ ಬೇರೆ, ಈ ದಾರಿ ಇಲ್ಲ. ಏಪ್ರಿಲ್ 10ರದ್ದು ಹದಿನೇಳು ದಿನದಲ್ಲಿ ಉಳಿದುಕೊಂಡಿತು. ಇನ್ನು ಅದರ ಮೂರು ವರ್ಷ. 2022ರ ಜನವರಿ 10ರ ಆದೇಶದಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಕಾಲಮಿತಿಯಿಂದ ಕಳೆದಿದೆ. ಹಾಗಾಗಿ ಎಣಿಕೆ 2022ರ ಮಾರ್ಚ್ 1ರಿಂದ. ಮೂರು ವರ್ಷ ಮುಗಿಯುವುದು 2025ರ ಫೆಬ್ರವರಿ ಕೊನೆಗೆ. ಒಂದು ತಿಂಗಳ ಅಂತರದ ಎರಡು ಬಿಲ್ಲಿನ ಹಣೆಬರಹ ಎಷ್ಟು ಬೇರೆ ನೋಡಿ.

ಆ ಹೊತ್ತು ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಎಲ್ಲರೂ ಮನಸ್ಸಿನಲ್ಲೇ ತಮ್ಮ ತಮ್ಮ ಫೈಲು ತಿರುವಿಹಾಕುತ್ತಿದ್ದರು ಅನ್ನಿಸುತ್ತದೆ.

ಮೇಲ್ಮನವಿಯ ದಿನವನ್ನೂ ಇದೇ ಹಾಳೆಯಲ್ಲಿ ಬರೆಯಿರಿ. 61ನೇ ಸೆಕ್ಷನ್ನಿನಲ್ಲಿ 30 ದಿನ, ತಕ್ಕ ಕಾರಣ ಇದ್ದರೆ ಇನ್ನು 15. ಅದಾದ ಮೇಲೆ ಒಂದು ದಿನವೂ ಇಲ್ಲ. ಸರ್ಟಿಫೈಡ್ ಕಾಪಿ ಕೈಗೆ ಬಂದ ದಿನದಿಂದ ಎಣಿಸುವ ಅಭ್ಯಾಸ ನಮಗೆ. ಇಲ್ಲಿ ಹಾಗಲ್ಲ. ಆರ್ಡರ್ ಹೇಳಿದ ದಿನದಿಂದಲೇ ಎಣಿಕೆ, ಕಾಪಿಗೆ ತಕ್ಷಣ ಅರ್ಜಿ ಹಾಕಬೇಕು ಅಂತ 2021ರ ವಿ. ನಾಗರಾಜನ್ ತೀರ್ಪು ಹೇಳುತ್ತದೆ.

ಯಾವ ತೀರ್ಪಿನಿಂದ ಶುರು ಮಾಡಬೇಕು

ಎಲ್ಲವನ್ನೂ ಓದಲು ಹೋಗಬೇಡಿ, ಸುಸ್ತಾಗಿ ಬಿಟ್ಟುಬಿಡುತ್ತೀರಿ. ತಿಂಗಳಿಗೆ ಒಂದು ತೀರ್ಪು, ಪೂರ್ತಿಯಾಗಿ. ಹೆಡ್‌ನೋಟ್ ಅಲ್ಲ. ಇಎಸ್‌ಸಿಆರ್ ಪೋರ್ಟಲಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪುಗಳು ಪುಕ್ಕಟೆ ಸಿಗುತ್ತವೆ.

ನಮ್ಮ ಊರಿನವರು ಮೊದಲು ಓದಬೇಕಾದದ್ದು 2017ರ ಸೆಪ್ಟೆಂಬರ್ 21ರ ಮೊಬಿಲಾಕ್ಸ್ ತೀರ್ಪು ಅಂತ ನನ್ನ ಅಭಿಪ್ರಾಯ. ಮಾಲು ಕೊಟ್ಟವರು 8ನೇ ಸೆಕ್ಷನ್ನಿನ ನೋಟಿಸ್ ಕೊಟ್ಟರೆ ಎದುರುದಾರರಿಗೆ ಹತ್ತು ದಿನ ಸಿಗುತ್ತದೆ. ನೋಟಿಸಿಗೆ ಮುಂಚೆಯೇ ನಿಜವಾದ ತಕರಾರು ಇತ್ತು ಅಂತ ಅವರು ತೋರಿಸಿದರೆ ಅರ್ಜಿ ನಿಲ್ಲುವುದಿಲ್ಲ. ಆ ತಕರಾರು ಕೋರ್ಟಿನಲ್ಲಿ ಗೆಲ್ಲುತ್ತದೋ ಇಲ್ಲವೋ ಅಂತ ಈ ಹಂತದಲ್ಲಿ ನೋಡುವುದಿಲ್ಲ. ಪೊಳ್ಳಲ್ಲ ಅಂತ ಕಂಡರೆ ಸಾಕು. ಈ ತೀರ್ಪು ಓದಿದ ಮೇಲೆ ನಾನು ಕಕ್ಷಿದಾರರ ಫೋನ್ ಕೇಳಿ ಪಡೆಯುತ್ತೇನೆ. "ಮಾಲು ಒದ್ದೆ ಇತ್ತು", "ತೂಕ ಕಮ್ಮಿ ಬಂತು" ಅಂತ ಎದುರಿನವರು ವಾಟ್ಸಾಪಿನಲ್ಲಿ ಯಾವತ್ತಾದರೂ ಹಾಕಿದ್ದಾರಾ ಅಂತ ಮೊದಲೇ ನೋಡಬೇಕು. ವ್ಯಾಪಾರಿಗಳು ಅದನ್ನು ತಾವಾಗಿ ಹೇಳುವುದಿಲ್ಲ. ಮುಚ್ಚಿಡಬೇಕು ಅಂತಲ್ಲ, ಅದು ಮುಖ್ಯ ಅಂತ ಅವರಿಗೆ ಅನ್ನಿಸಿರುವುದಿಲ್ಲ.

ಎರಡನೆಯದು 2021ರ ಮಾರ್ಚ್ 1ರ ಮೋಹನ್‌ರಾಜ್ ತೀರ್ಪು. ಚೆಕ್ ಬೌನ್ಸ್ ಕೇಸೇ ನಮ್ಮ ಅರ್ಧ ಜೀವನ ಅಲ್ವಾ? 14ನೇ ಸೆಕ್ಷನ್ನಿನ ಮೊರಟೋರಿಯಂ, ಅಂದರೆ ಕೇಸುಗಳಿಗೆ ತಡೆ, ಬಿದ್ದರೆ ಕಂಪನಿಯ ಮೇಲಿನ 138 ಕೇಸು (ಚೆಕ್ ಬೌನ್ಸ್ ಕೇಸು) ನಿಲ್ಲುತ್ತದೆ, ಡೈರೆಕ್ಟರುಗಳ ಮೇಲೆ ನಡೆಯುತ್ತದೆ ಅಂತ ಇದು ಹೇಳಿತು. ಇದರ ಜೊತೆ 2025ರ ಏಪ್ರಿಲ್ 1ರ ರಾಕೇಶ್ ಭಾನೋತ್ ತೀರ್ಪನ್ನೂ ಓದಿ. ಜಾಮೀನುದಾರರು ತಾವಾಗಿ ದಿವಾಳಿ ಅರ್ಜಿ ಹಾಕಿ 96ನೇ ಸೆಕ್ಷನ್ನಿನ ತಡೆ ತೋರಿಸಿದರೆ 138 ಕೇಸು ನಿಲ್ಲುವುದಿಲ್ಲ ಅನ್ನುತ್ತದೆ ಅದು. ಇಬ್ಬರು ಜೂನಿಯರ್‌ಗಳಿಗೆ ಒಂದೊಂದು ತೀರ್ಪು ಕೊಟ್ಟು ಎದುರುಬದುರು ವಾದ ಮಾಡಿಸಿದರೆ ಬಹಳ ಚೆನ್ನಾಗಿ ಕಲಿಯುತ್ತಾರೆ.

ಇನೋವೆಂಟಿವ್, ಸ್ವಿಸ್ ರಿಬ್ಬನ್ಸ್, ಎಸ್ಸಾರ್ ಸ್ಟೀಲ್ ತೀರ್ಪುಗಳು ಆಮೇಲೆ ಬರಲಿ.

ಐಬಿಸಿಯ 53ನೇ ಸೆಕ್ಷನ್ ಓದುವಾಗ ಮಾತ್ರ ಆತುರ ಮಾಡಬೇಡಿ. ಕಂಪನಿ ಮುಚ್ಚಿ ಆಸ್ತಿ ಮಾರಿದಾಗ ದುಡ್ಡು ಯಾರಿಗೆ ಮೊದಲು ಅನ್ನುವ ಸಾಲು ಅಲ್ಲಿದೆ. ಪ್ರಕ್ರಿಯೆಯ ಖರ್ಚು ಕಳೆದ ಮೇಲೆ, ಕಾರ್ಮಿಕರ 24 ತಿಂಗಳ ಬಾಕಿ ಆಸ್ತಿ ಒತ್ತೆ ಇಟ್ಟುಕೊಂಡು ಸಾಲ ಕೊಟ್ಟವರ ಜೊತೆ ಸಮಸಮ ನಿಲ್ಲುತ್ತದೆ. ಪಿಎಫ್, ಗ್ರಾಚ್ಯುಟಿ ಹಣ ಆ ಹಂಚಿಕೆಯ ರಾಶಿಗೇ ಸೇರುವುದಿಲ್ಲ. ಇದು ಹತ್ತಿ ಗಿರಣಿಗಳ ಊರು. ಗಿರಣಿಗಳು ಮುಚ್ಚಿದ್ದು ಈ ಕಾನೂನು ಬರುವುದಕ್ಕೆ ಬಹಳ ಮುಂಚೆ. ಆದರೆ ಗೇಟಿನ ಮುಂದೆ ಕಾದು ಕೂತವರ ಮಕ್ಕಳು ಇವತ್ತು ಬೇರೆ ಬೇರೆ ಕಾರ್ಖಾನೆಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಅವರು ಬಂದು ಕೇಳಿದಾಗ ಫಾರ್ಮ್ ಡಿ ಅಂದರೇನು ಅಂತ ನಾವು ಹುಡುಕುತ್ತಾ ಕೂರಬಾರದು.

ಕನ್ನಡದಲ್ಲಿ ಹೇಳಿ ನೋಡಿ

ಓದಿದ್ದು ಅರಗಿದೆಯಾ ಅಂತ ನೋಡಲು ನಾವು ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಕೊನೆಯ ಅರ್ಧ ಗಂಟೆ ಒಬ್ಬರು ಅವತ್ತಿನ ವಿಷಯವನ್ನು ನಮ್ಮ ಆಫೀಸಿನ ಗುಮಾಸ್ತರಿಗೆ ಹೇಳಬೇಕು. ಅವರಿಗೆ ಅರ್ಥವಾಗದಿದ್ದರೆ ಮತ್ತೆ ಹೇಳಬೇಕು. "ಪರಿಹಾರ ಯೋಜನೆಯಲ್ಲಿ ಸಾಲ ಕೊಟ್ಟವರಿಗೆ ಕಡಿತ" ಅಂದಾಗ ಅವರು ಸುಮ್ಮನೆ ಕೂತಿದ್ದರು. ಚಿತ್ರದುರ್ಗದ ಗೆಳತಿ "ರೂಪಾಯಿಗೆ ನಾಲ್ಕಾಣೆ ಅಂತ ಇತ್ಯರ್ಥ ಮಾಡ್ಕೋತಾರಲ್ಲಣ್ಣ, ಅದೇ. ಇಲ್ಲಿ ಪಂಚರ ಬದಲು ಸಾಲ ಕೊಟ್ಟ ಬ್ಯಾಂಕುಗಳು ಕೂತು ವೋಟು ಹಾಕ್ತವೆ" ಅಂದಾಗ ಥಟ್ಟನೆ ಹಿಡಿದರು. ಮರುಕ್ಷಣವೇ ಕೇಳಿದರು, "ಹಂಗಾದ್ರೆ ಮಾಲು ಕೊಟ್ಟೋರಿಗೆ ವೋಟಿಲ್ವಾ?" ಸಾಮಾನ್ಯವಾಗಿ ಇಲ್ಲ. ಅವತ್ತಿನ ಅತ್ಯಂತ ಒಳ್ಳೆಯ ಪ್ರಶ್ನೆ ಅವರದ್ದೇ.

ಬೆಂಗಳೂರಿಗೆ ಹೋಗುವುದು, ಪರೀಕ್ಷೆ ಬರೆಯುವುದು

ಮೂರು ತಿಂಗಳಿಗೊಮ್ಮೆಯಾದರೂ ಬೆಂಗಳೂರಿನ ಎನ್‌ಸಿಎಲ್‌ಟಿಯಲ್ಲಿ ಒಂದು ದಿನ ಕೂತು ಬನ್ನಿ. ಕೇಸ್ ಇರಲೇಬೇಕು ಅಂತಿಲ್ಲ. ರಾತ್ರಿ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಅಲ್ಲಿರುತ್ತೀರಿ. ಹಿಂದಿನ ಸಂಜೆ ಕಾಸ್ ಲಿಸ್ಟ್ (ಮರುದಿನದ ಕೇಸುಗಳ ಪಟ್ಟಿ) ಇಳಿಸಿಕೊಂಡು, ಸಾಲ ಕೊಟ್ಟವರ 7, ಮಾಲು ಕೊಟ್ಟವರ 9, ಜಾಮೀನುದಾರರ ಮೇಲಿನ 95ನೇ ಸೆಕ್ಷನ್ನಿನ ಕೇಸುಗಳಿಗೆ ಗುರುತು ಹಾಕಿಕೊಳ್ಳಿ. ಪೀಠ ಮೊದಲು ಕೇಳುವ ಪ್ರಶ್ನೆ ಯಾವುದು ಅಂತ ಬರೆದುಕೊಳ್ಳಿ. ಬಾಕಿ ಬಿದ್ದ ದಿನ ಯಾವುದು, ಅದಕ್ಕೆ ದಾಖಲೆ ಎಲ್ಲಿ ಅಂತ ಎಷ್ಟು ಸಲ ಕೇಳುತ್ತಾರೆ ಅಂತ ನೋಡಿದರೆ ಮೂರು ಕಾಲಂನ ಹಾಳೆ ಯಾಕೆ ಅಂತ ನಾನು ಹೇಳಬೇಕಾಗಿಲ್ಲ.

ವಕೀಲರಿಗೆ ವರ್ಷಕ್ಕೆ ಇಂತಿಷ್ಟು ಗಂಟೆ ಓದಲೇಬೇಕು ಅಂತ ನಮ್ಮಲ್ಲಿ ಕಡ್ಡಾಯ ಇಲ್ಲ. ಮೇಲೆ ಹೇಳಿದ ಪರಿಹಾರ ವೃತ್ತಿಪರರ ಕೆಲಸ ಮಾಡುವ ದಿವಾಳಿ ವೃತ್ತಿಪರರಿಗೆ ಇದೆ. ಪ್ರತಿ ವರ್ಷ ಕನಿಷ್ಠ 10 ಗಂಟೆ, ಮೂರು ವರ್ಷ ಸೇರಿ 60. ನೀವೂ ವೃತ್ತಿಪರರಾಗಬೇಕು ಅಂದರೆ ಹತ್ತು ವರ್ಷ ವಕೀಲಿ ಮಾಡಿರಬೇಕು, ಐಬಿಬಿಐನ ಪರೀಕ್ಷೆ ಪಾಸಾಗಬೇಕು, 50 ಗಂಟೆಯ ಕೋರ್ಸ್ ಮುಗಿಸಬೇಕು. ಪರೀಕ್ಷೆ ಆಯ್ಕೆ ಪ್ರಶ್ನೆಗಳದ್ದು, ನೂರಕ್ಕೆ ಅರವತ್ತು ಬೇಕು, ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಹೋಗುತ್ತದೆ. ಎಲ್ಲರೂ ಬರೆಯಬೇಕಿಲ್ಲ. ನಾನು ಬರೆದಿಲ್ಲ. ಆದರೆ ಅದರ ಪಠ್ಯಕ್ರಮವನ್ನು ಇಳಿಸಿಕೊಂಡು ಗೋಡೆಗೆ ಅಂಟಿಸಿದ್ದೇನೆ, ಏನು ಓದಿಲ್ಲ ಅಂತ ದಿನಾ ಕಾಣುತ್ತದೆ. ಆ 10 ಗಂಟೆಯ ಲೆಕ್ಕವನ್ನೂ ನಮಗೆ ನಾವೇ ಹಾಕಿಕೊಂಡಿದ್ದೇವೆ. ಡೈರಿಯ ಕೊನೆಯ ಪುಟದಲ್ಲಿ ತಾರೀಕು, ವಿಷಯ, ಗಂಟೆ.

ಬೇರ್ ಆಕ್ಟ್ (ಕಾಯ್ದೆಯ ಮೂಲ ಪಠ್ಯದ ಪುಸ್ತಕ) ಹಳೆಯದಾಗಿದ್ದರೆ ಎಸೆಯಬೇಡಿ, ತಿದ್ದಿ. 2018, 2019, 2020, 2021ರಲ್ಲಿ ಐಬಿಸಿಗೆ ತಿದ್ದುಪಡಿ ಆಗಿದೆ. 2025ರ ಆಗಸ್ಟ್ 12ರಂದು ಲೋಕಸಭೆಯಲ್ಲಿ ಇನ್ನೊಂದು ದೊಡ್ಡ ತಿದ್ದುಪಡಿ ಮಸೂದೆ ಮಂಡನೆಯಾಯಿತು. ನಿಯಮಾವಳಿಗಳು ಇನ್ನೂ ಬೇಗ ಬದಲಾಗುತ್ತವೆ. ಪ್ರತಿ ಬದಲಾವಣೆಯನ್ನು ಸಣ್ಣ ಚೀಟಿಯಲ್ಲಿ ಬರೆದು ಆ ಸೆಕ್ಷನ್ನಿನ ಪಕ್ಕ ಅಂಟಿಸಿ, ಜಾರಿಗೆ ಬಂದ ದಿನದ ಸಮೇತ. ನಾನು ಇಲ್ಲಿ ಬರೆದ ದಿನಗಳನ್ನೂ ಫೈಲಿನಲ್ಲಿ ಬಳಸುವ ಮುಂಚೆ ಇಂಡಿಯಾ ಕೋಡ್ ಮತ್ತು ಐಬಿಬಿಐ ವೆಬ್‌ಸೈಟಿನಲ್ಲಿ ಒಮ್ಮೆ ನೋಡಿಕೊಳ್ಳಿ.

ನಿಮ್ಮ ಊರಿನಲ್ಲಿ ಇಂಥ ಗುಂಪು ಶುರು ಮಾಡುವುದಾದರೆ ಮೂರು ಜನ ಸಾಕು. ಎರಡನೇ ಶನಿವಾರ ಬೆಳಿಗ್ಗೆ ಹತ್ತಕ್ಕೆ ಕೂತು ಹನ್ನೆರಡೂವರೆಗೆ ಏಳಿ. ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಆಫೀಸಿನ ಒಂದು ವಸೂಲಿ ಫೈಲ್ ತರಲಿ, ಎದುರುದಾರ ಕಂಪನಿ ಆಗಿರುವಂಥದ್ದು. ಒಂದು ಲ್ಯಾಪ್‌ಟಾಪ್ ಇರಲಿ. ಎಂಸಿಎ ಪೋರ್ಟಲ್ ತೆರೆದು ಆ ಕಂಪನಿಗಳ ಹೆಸರು ಒಂದೊಂದಾಗಿ ಹಾಕಿ. ನಾವು ಮೊದಲ ದಿನ ಆರು ಹೆಸರು ಹಾಕಿದೆವು. ನಾಲ್ಕನೆಯದರ ಮುಂದೆ ದಿವಾಳಿ ಪ್ರಕ್ರಿಯೆಯಲ್ಲಿದೆ ಅಂತ ಬಂತು. ಐಬಿಬಿಐ ಪುಟ ತೆರೆದು ಎಣಿಸಿದೆವು. 71 ದಿನ ಆಗಿತ್ತು. ಚಳ್ಳಕೆರೆಯ ಗೆಳೆಯರು ಅಲ್ಲಿಂದಲೇ ಕಕ್ಷಿದಾರರಿಗೆ ಫೋನ್ ಮಾಡಿ, ಬಿಲ್ಲು, ಲೆಡ್ಜರ್, ಬ್ಯಾಂಕ್ ಸ್ಟೇಟ್‌ಮೆಂಟ್ ತಗೊಂಡು ಸಂಜೆಯೊಳಗೆ ಬಸ್ ಹತ್ತಿ ಅಂದರು. ಫಾರ್ಮ್ ಬಿ ಸೋಮವಾರ ಹೋಯಿತು.